ಐದನೆಯ ಸಾಲು ಕಾಣೆಯಾದ ಸೋಮವಾರ

ಚಿಲಕದಣ್ಣನವರಿಗೆ ಆ ಹೆಸರಿಟ್ಟವರು ಯಾರೋ ಗೊತ್ತಿಲ್ಲ; ಇಟ್ಟವರ ಬಾಯಿಗೆ ಸಕ್ಕರೆ ಹಾಕಬೇಕು. ಸಂಜೆ ಆರಕ್ಕೆ ಕೋಣೆಯ ಚಿಲಕ ಹಾಕಿ, ಬೀಗ ಜಡಿದು, ಬೀಗವನ್ನು ಎರಡು ಸಲ ಜಗ್ಗಿ, ಮೂರು ಮಹಡಿ ಇಳಿದು ಬಸ್ ನಿಲ್ದಾಣದ ತನಕ ಹೋಗುತ್ತಾರೆ. ಅಲ್ಲಿ ನಿಂತ ಮೇಲೆ ಅನುಮಾನ ಶುರುವಾಗುತ್ತದೆ. ಮತ್ತೆ ಮೂರು ಮಹಡಿ ಹತ್ತಿ ಬಂದು ಇನ್ನೊಂದು ಸಲ ಜಗ್ಗುತ್ತಾರೆ. ಆರೂ ಹತ್ತರ ಬಸ್ಸಿನ ಕಂಡಕ್ಟರನಿಗೂ ಇದು ಗೊತ್ತು. ಇವರು ಏದುಸಿರು ಬಿಡದೆ ತಣ್ಣಗೆ ನಿಂತಿದ್ದು ಕಂಡರೆ, "ಇವರದ್ದು ಇನ್ನೂ ಒಂದು ಟ್ರಿಪ್ ಬಾಕಿ ಇದೆ, ನಡೀರಿ" ಎಂದು ಡ್ರೈವರಿಗೆ ಹೇಳಿ ಸೀಟಿ ಊದುತ್ತಾನೆ.

ನಾನು ಅದೇ ಮಹಡಿಯಲ್ಲಿ ಕಾರ್ಡು ಕೊಡುವ ಕೌಂಟರಿನವಳು. ನಮ್ಮದು ದೊಡ್ಡ ಗ್ರಂಥಾಲಯ. ಕೆಳಗೆರಡು ಮಹಡಿ ಕಣ್ಣಿದ್ದವರದ್ದು, ಮೂರನೆಯದು ಕಣ್ಣು ಕಾಣದವರದ್ದು. ಇಲ್ಲಿ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡುತ್ತೇವೆ. ಗೋಡೆಗೆಲ್ಲ ಹಳೆಯ ಜಮಖಾನ ಬಡಿದು, ಬಾಗಿಲ ಸಂದಿಗೆ ರಬ್ಬರು ಪಟ್ಟಿ ಅಂಟಿಸಿದ ಒಂದು ಪುಟ್ಟ ಕೋಣೆ. ಅದರೊಳಗೆ ಮೈಕು, ಕುರ್ಚಿ, ಪುಸ್ತಕ ಒರಗಿಸುವ ಹಲಗೆ. ಗಾಜಿನ ಈಚೆ ಚಿಲಕದಣ್ಣನವರ ಮೇಜು, ಅದರ ಮೇಲೆ ಅವರ ಕಂಪ್ಯೂಟರ್. ಓದಿದ್ದನ್ನೆಲ್ಲ ಅದರ ಹೊಟ್ಟೆಯೊಳಗಿನ ಎರಡನೇ ಡಿಸ್ಕಿನಲ್ಲಿ ಇಡುತ್ತಾರೆ. ಕೇಳುಗರು ಬಂದರೆ ನಾನು ಬೇಕಾದ ಪುಸ್ತಕವನ್ನು ಒಂದು ಚಿಕ್ಕ ಮೆಮೊರಿ ಕಾರ್ಡಿಗೆ ತುಂಬಿ ಕೊಡುತ್ತೇನೆ. ಹದಿನೈದು ದಿನದಲ್ಲಿ ಕಾರ್ಡು ವಾಪಸು ಬರಬೇಕು. ಬಂದದ್ದನ್ನು ಅಳಿಸಿ ಇನ್ನೊಬ್ಬರಿಗೆ ತುಂಬುತ್ತೇನೆ.

ಅಲ್ಲಿ ಓದುವವರು ಹಲವರು ಬಂದರು, ಹೋದರು. ಬಿಡದೆ ಓದಿದವರು ಒಬ್ಬರೇ, ಚಿಲಕದಣ್ಣನವರ ಅಕ್ಕ. ಶಾಲೆಯ ಟೀಚರು. ಹತ್ತೊಂಬತ್ತು ವರ್ಷ ಶಾಲೆ ಬಿಟ್ಟೊಡನೆ ನೇರ ಇಲ್ಲಿಗೆ ಬಂದು, ನೀರು ಕುಡಿದು, ಒಂದು ಗಂಟೆ ಓದುತ್ತಿದ್ದರು. ಕಾನೂನು, ಇತಿಹಾಸ, ಕತೆ, ಗಣಿತ, ರೈಲ್ವೆ ಪರೀಕ್ಷೆಯ ಪುಸ್ತಕ, ಏನು ಕೊಟ್ಟರೂ ಓದುತ್ತಿದ್ದರು. ಮುನ್ನೂರ ಹನ್ನೆರಡು ಪುಸ್ತಕ. ಕೇಳುಗರೆಲ್ಲ ಅವರನ್ನು ಓದಕ್ಕ ಎನ್ನುತ್ತಿದ್ದರು. ಅವರ ದನಿ ಹೇಗಿತ್ತು ಎಂದು ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಸುಸ್ತಾಗಿ ಮನೆಗೆ ಬಂದಾಗ ಒಳಗಿನಿಂದ "ಬಂದೆಯಾ?" ಎಂದು ಯಾರಾದರೂ ಕೇಳಿದರೆ ಹೇಗಿರುತ್ತದೋ ಹಾಗಿತ್ತು.

ನಾಲ್ಕು ತಿಂಗಳ ಹಿಂದೆ ಓದಕ್ಕನ ಗಂಟಲಿನ ಗಂಟಿಗೆ ಆಪರೇಷನ್ ಆಗಬೇಕೆಂದರು ಡಾಕ್ಟರು. ಜೀವ ಉಳಿಯುತ್ತದೆ, ದನಿಪೆಟ್ಟಿಗೆ ಉಳಿಯುವುದಿಲ್ಲ ಎಂದರು. ಓದಕ್ಕ ಎರಡು ವಾರ ಒಪ್ಪಲಿಲ್ಲ. ಕೊನೆಗೆ ಆಸ್ಪತ್ರೆಯ ಕಾರಿಡಾರಿನಲ್ಲಿ, ನಾನೂ ಅಲ್ಲೇ ಇದ್ದೆ, ತಮ್ಮನ ಕೈ ಹಿಡಿದು ಕೇಳಿದರು.

"ನನ್ನ ದನಿ ನಿನ್ನ ಹತ್ರ ಸರಿಯಾಗಿ ಇದೆ ತಾನೇ? ಸುಳ್ಳು ಹೇಳಬೇಡ."

"ಎರಡು ಕಡೆ ಇದೆ ಅಕ್ಕಾ. ಒಂದು ಪೆಟ್ಟಿಗೆ ಒಳಗೆ, ಒಂದು ಬೀರುವಿನಲ್ಲಿ. ಒಂದಕ್ಕೆ ಬೆಂಕಿ ಬಿದ್ರೂ ಇನ್ನೊಂದಿರುತ್ತೆ. ನೀನು ನಿಶ್ಚಿಂತೆಯಿಂದ ಹೋಗಿ ಬಾ."

ಆ ಮಾತಿನ ಮೇಲೆ ಅವರು ಸಹಿ ಹಾಕಿದರು. ಹೋಗಿ ಬಂದರು. ದನಿ ಬರಲಿಲ್ಲ.

ಆಮೇಲೆ ಅವರು ಸ್ಲೇಟು ಹಿಡಿದರು. ಟೀಚರಮ್ಮನ ಅಕ್ಷರ, ಮುತ್ತು ಪೋಣಿಸಿದ ಹಾಗೆ. ನಾಲ್ಕು ತಿಂಗಳು ನಮ್ಮ ಮಹಡಿಯ ಕಡೆ ತಲೆ ಹಾಕಲಿಲ್ಲ. ನಾವೂ ಕರೆಯಲಿಲ್ಲ, ಗಾಯದ ಮೇಲೆ ಬರೆ ಎಳೆದ ಹಾಗಾದೀತು ಎಂದು. ಹೋದ ಶನಿವಾರ ತಾವಾಗಿಯೇ ಸ್ಲೇಟಿನಲ್ಲಿ ಬರೆದರಂತೆ: "ಸೋಮವಾರ ಬರ್ತೀನಿ. ನನ್ನ ದನಿ ಕೇಳಬೇಕು." ತಮ್ಮ ಆ ರಾತ್ರಿ ನಿದ್ದೆಯನ್ನೇ ಮಾಡಲಿಲ್ಲವಂತೆ, ಸಂತೋಷಕ್ಕೆ.

ಈಗ ಕಂಪ್ಯೂಟರಿನ ಕತೆ. ಆರು ವರ್ಷದ ಹಿಂದೆ ಓದಲು ಬಂದಿದ್ದ ಒಬ್ಬ ಪುಣ್ಯಾತ್ಗಿತ್ತಿ ಏನೋ ಒತ್ತಲು ಹೋಗಿ ಓದಕ್ಕನ ಇಡೀ ಒಂದು ಪುಸ್ತಕವನ್ನು ಅಳಿಸಿಬಿಟ್ಟಳು. ನಲವತ್ತು ದಿನದ ಓದು ನೀರಿನಲ್ಲಿ ಹೋಮವಾಯಿತು. ಓದಕ್ಕ ಒಂದು ಮಾತೂ ಆಡದೆ ಮತ್ತೆ ಮೊದಲಿನಿಂದ ಓದಿದರು. ಚಿಲಕದಣ್ಣನವರು ಮಾತ್ರ ಆವತ್ತಿನಿಂದ ಕಂಪ್ಯೂಟರಿಗೂ ಚಿಲಕ ಹಾಕಲು ಶುರುಮಾಡಿದರು.

ಆ ಚಿಲಕವನ್ನು ಅವರಿಗೆ ತೋರಿಸಿಕೊಟ್ಟವನು ಯಾರೋ ರಿಪೇರಿಯವನು. ಕಂಪ್ಯೂಟರಿನಲ್ಲಿ ಒಂದೊಂದು ಡಿಸ್ಕಿಗೆ ಒಂದೊಂದು ಅಕ್ಷರ ಹಚ್ಚಿರುತ್ತಾರಲ್ಲ, ಆ ಅಕ್ಷರ ಕಿತ್ತುಬಿಟ್ಟರೆ ಡಿಸ್ಕು ಇದ್ದ ಜಾಗದಲ್ಲೇ ಇರುತ್ತದೆ, ಯಾರ ಕಣ್ಣಿಗೂ ಕಾಣುವುದಿಲ್ಲ. ಕಾಣದ್ದನ್ನು ಅಳಿಸುವುದು ಹೇಗೆ? ಚಿಲಕದಣ್ಣನವರಿಗೆ ಸ್ವರ್ಗ ಮೂರೇ ಗೇಣು ಉಳಿಯಿತು. ದಿನಾ ಸಂಜೆ ಆರಕ್ಕೆ ಅಕ್ಷರ ಕೀಳುವುದು, ದಿನಾ ಬೆಳಗ್ಗೆ ಒಂಬತ್ತೂವರೆಗೆ ಮತ್ತೆ ಹಚ್ಚುವುದು. "ಬೀಗ ಇದ್ರೆ ಒಡೀಬಹುದು ಮೇಡಂ, ಬಾಗಿಲೇ ಇಲ್ದಿದ್ರೆ ಏನನ್ನ ಒಡೀತಾರೆ?" ಎಂದು ನನಗೆ ಕೇಳಿ ಕೇಳಿ ಬಾಯಿಪಾಠವಾಗಿತ್ತು.

ಅದೇ ವಾರ ಪ್ರತಿ ಇಡಲು ಒಂದು ಹೊಸ ಡಿಸ್ಕನ್ನೂ ತರಿಸಿದರು, ಅಂಗೈಯಷ್ಟು ಕಪ್ಪು ಡಬ್ಬಿ. ಸಂಜೆ ಹೋಗುವಾಗ ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿ ಹೋಗುವುದು. ಏಳು ಗಂಟೆಗೆ ಕಂಪ್ಯೂಟರ್ ತಾನೇ ಎಲ್ಲವನ್ನೂ ಅದಕ್ಕೆ ಪ್ರತಿ ಮಾಡುತ್ತದೆ. ಬೆಳಗ್ಗೆ ಬಿಚ್ಚಿ ಬೀರುವಿನಲ್ಲಿಟ್ಟು ಬೀಗ ಹಾಕುವುದು. ಆರು ವರ್ಷ ಒಂದು ದಿನ ತಪ್ಪಲಿಲ್ಲ.

ಕಳೆದ ಗುರುವಾರ ವರ್ಷದ ಎಣಿಕೆಗೆಂದು ಹೊರಗಿದ್ದ ನೂರ ನಲವತ್ತು ಕಾರ್ಡನ್ನೂ ವಾಪಸು ತರಿಸಿ, ನಾನೇ ಕೂತು ಒಂದೊಂದಾಗಿ ಅಳಿಸಿದೆ. ಶುಕ್ರವಾರ ಮಧ್ಯಾಹ್ನ ಮೇಲಿನಿಂದ ಆರ್ಡರಾಯಿತೆಂದು ಟೆಕ್ನೀಷಿಯನ್ ಬಂದು ಎಲ್ಲ ಕಂಪ್ಯೂಟರುಗಳಿಗೂ ಹೊಸ ವಿಂಡೋಸ್ ಹಾಕಲು ಕೂತ. ನಮ್ಮದರ ಸರದಿ ಬಂದಾಗ ಸಂಜೆ ಆರು ದಾಟಿತ್ತು. ಚಿಲಕದಣ್ಣನವರು ಆಗಲೇ ಅಕ್ಷರ ಕಿತ್ತು, ಡಬ್ಬಿಯನ್ನು ಬೀರುವಿಗೆ ಸೇರಿಸಿ ಪಕ್ಕದಲ್ಲಿ ನಿಂತಿದ್ದರು. ಹೊಸಬನ ಕಣ್ಣಿಗೆ ಡಿಸ್ಕು ಕಾಣದಿದ್ದರೇ ಒಳ್ಳೆಯದು ಎಂದು ನನ್ನ ಕಿವಿಯಲ್ಲಿ ಹೇಳಿ ಮೀಸೆಯಡಿ ನಕ್ಕರು.

ಸೋಮವಾರ ಬೆಳಗ್ಗೆ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಮೇಜು ಒರೆಸಿದರು. ಅಕ್ಕ ಹನ್ನೊಂದಕ್ಕೆ ಬರುವುದಿತ್ತು. ಅವರಿಗಾಗಿ ಕೆಳಗಿನ ಮಹಡಿಯಿಂದ ಕೈಯಿರುವ ಕುರ್ಚಿ ಹೊತ್ತು ತಂದರು. ಆಮೇಲೆ ಕಂಪ್ಯೂಟರ್ ಹಚ್ಚಿದರು.

ಐದು ನಿಮಿಷ ಕಳೆದು ನಾನು ತಲೆ ಎತ್ತಿ ನೋಡಿದರೆ ಮನುಷ್ಯ ಮೌಸ್ ಎಂಬ ಇಲಿಯನ್ನು ಹಿಡಿದುಕೊಂಡು ಕಲ್ಲಾಗಿ ಕೂತಿದ್ದಾರೆ.

"ಏನಾಯ್ತು ಅಣ್ಣ?"

"ಮೂಲೇಲಿ ಇದ್ದ ಗೊಂಬೆ ಇಲ್ಲ ಮೇಡಂ."

ಪರದೆಯ ಮೇಲಿನ ಪುಟ್ಟ ಕಂಪ್ಯೂಟರಿನ ಚಿತ್ರವನ್ನು ಅವರು ಗೊಂಬೆ ಎನ್ನುತ್ತಿದ್ದರು. ಜೇಬಿನಿಂದ ಬೀಡಿಕಟ್ಟಿನಷ್ಟು ಚಿಕ್ಕ ನೋಟುಪುಸ್ತಕ ತೆಗೆದು ನನ್ನ ಮುಂದೆ ಹಿಡಿದರು. ಅದರಲ್ಲಿ ಹೀಗಿತ್ತು: "ಮೂಲೆಯ ಗೊಂಬೆ ಮೇಲೆ ಬಲಗುಂಡಿ. ಐದನೆಯ ಸಾಲು. ಹೊಸ ಕಿಟಕಿ. ಎಡಗಡೆ ಕೆಳಗಿಂದ ಎರಡನೆಯ ಸಾಲು. ನೀಲಿ ಪಟ್ಟಿ ಮೇಲೆ ಬಲಗುಂಡಿ. ನಾಲ್ಕನೆಯ ಸಾಲು."

"ಸರಿ, ಆ ಐದನೆಯ ಸಾಲಿನ ಹೆಸರೇನು? ಹುಡುಕೋಣ."

"ಹೆಸರು ಯಾಕೆ ಬೇಕು? ಐದನೆಯದು ಅಂದ್ರೆ ಐದನೆಯದು."

ನನಗೆ ನಗು ಬಂತು, ಅದೇ ಉಸಿರಿಗೆ ಸಿಟ್ಟೂ ಬಂತು. ಆರು ವರ್ಷ, ದಿನಕ್ಕೆ ಎರಡು ಸಲ, ಈ ಮನುಷ್ಯ ಆ ಬಾಗಿಲಿನಿಂದ ಒಳಗೆ ಹೋಗಿ ಬಂದಿದ್ದಾರೆ. ಬಾಗಿಲ ಮೇಲಿನ ಹೆಸರನ್ನು ಒಂದು ದಿನವೂ ಓದಿಲ್ಲ. ಇಬ್ಬರೂ ಕೂತು ಹುಡುಕಿದೆವು. ಹೊಸ ವಿಂಡೋಸಿನಲ್ಲಿ ಎಲ್ಲವೂ ಮಧ್ಯಕ್ಕೆ ಬಂದಿತ್ತು, ದುಂಡಗಾಗಿತ್ತು, ಬಣ್ಣಬಣ್ಣವಾಗಿತ್ತು. ಬಲಗುಂಡಿ ಒತ್ತಿದರೆ ಮೊದಲಿನಷ್ಟು ಉದ್ದದ ಪಟ್ಟಿ ಬರುತ್ತಿರಲಿಲ್ಲ. ಐದನೆಯ ಸಾಲಿನಲ್ಲಿ ಒಂದು ಕಡೆ ಬಣ್ಣ ಬದಲಿಸು ಎಂದಿತ್ತು, ಇನ್ನೊಂದು ಕಡೆ ಐದನೆಯ ಸಾಲೇ ಇರಲಿಲ್ಲ. ನನಗೆ ನೆನಪಿದ್ದ ಕಂಟ್ರೋಲ್ ಪ್ಯಾನಲ್ ಒಳಗೆ ಆಡಳಿತದ ಉಪಕರಣಗಳೆಂಬ ಒಂದು ಫೋಲ್ಡರಿತ್ತು, ಅದೂ ಆ ಹೆಸರಿನಲ್ಲಿ ಇರಲಿಲ್ಲ. ಡಿಸ್ಕುಗಳ ಪಟ್ಟಿ ತೆಗೆದರೆ ಒಂದೇ ಡಿಸ್ಕು. ಎರಡನೆಯದರ ಸುಳಿವೇ ಇಲ್ಲ.

ಟೆಕ್ನೀಷಿಯನ್‌ಗೆ ಫೋನು ಮಾಡಿದೆವು. ಅವನು ಬೇರೆಲ್ಲೋ ಏಣಿಯ ಮೇಲಿದ್ದ.

"ಎರಡನೇ ಡಿಸ್ಕಾ? ನಾನು ನೋಡಿದಾಗ ಒಂದೇ ಇತ್ತಲ್ಲ ಸಾರ್."

"ಇತ್ತು ಕಣಪ್ಪಾ, ಬಚ್ಚಿಟ್ಟಿದ್ದೆ."

"ಯಾಕೆ ಬಚ್ಚಿಟ್ರಿ?"

ಚಿಲಕದಣ್ಣನವರು ಫೋನನ್ನು ಈ ಕಿವಿಯಿಂದ ಆ ಕಿವಿಗೆ ಬದಲಿಸಿದರು.

"ಬುಧವಾರ ಬಂದು ನೋಡ್ತೀನಿ ಬಿಡಿ. ಅಷ್ಟರಲ್ಲಿ ಏನಾದ್ರೂ ಕಾಣಿಸ್ಕೊಂಡು ಫಾರ್ಮ್ಯಾಟ್ ಮಾಡ್ಲಾ ಅಂತ ಕೇಳಿದ್ರೆ ಹೂಂ ಅಂದ್ಬಿಡಿ, ಸರಿಹೋಗುತ್ತೆ."

ಫಾರ್ಮ್ಯಾಟ್ ಎಂದರೆ ಇದ್ದಬದ್ದದ್ದನ್ನೆಲ್ಲ ಗುಡಿಸಿ ಒರೆಸಿ ಖಾಲಿ ಮಾಡುವುದು. ನಾನು ಕಾರ್ಡು ಅಳಿಸುವವಳು, ನನಗದು ಗೊತ್ತು. ಗಂಡಾಂತರದ ಮಾತನ್ನು ಎಷ್ಟು ಹಗುರಾಗಿ ಹೇಳಿ ಫೋನಿಟ್ಟ ನೋಡಿ! ಏಣಿಯಿಂದ ಇಳಿಸಿ ನಾಲ್ಕು ಬಿಗಿಯಬೇಕೆನಿಸಿತು.

ಚಿಲಕದಣ್ಣನವರು ಮಾತ್ರ ಬೆವರು ಒರೆಸಿಕೊಂಡು ಎದ್ದರು. "ಹೋಗಲಿ ಬಿಡಿ ಮೇಡಂ. ಇದಕ್ಕೇ ಅಲ್ವಾ ಎರಡು ಕಡೆ ಇಟ್ಟಿರೋದು? ಅಕ್ಕನಿಗೆ ಇವತ್ತು ಡಬ್ಬಿಯಿಂದಲೇ ಕೇಳಿಸ್ತೀನಿ."

ಬೀರು ತೆಗೆದರು. ಕಪ್ಪು ಡಬ್ಬಿಯನ್ನು ಕರವಸ್ತ್ರದಲ್ಲಿ ಸುತ್ತಿಟ್ಟಿದ್ದರು, ಬಿಚ್ಚಿ ಸಿಕ್ಕಿಸಿದರು. ಅದು ಕೂಡಲೇ ಕಾಣಿಸಿತು. ಒಳಗೆ ಒಂದೇ ಫೋಲ್ಡರು, "ಪ್ರತಿ" ಎಂದು. ತೆರೆದರು.

ಅದರೊಳಗೆ ಏನೂ ಇರಲಿಲ್ಲ.

ಮುಚ್ಚಿ ಮತ್ತೆ ತೆರೆದರು. ಡಬ್ಬಿ ಕಿತ್ತು ಇನ್ನೊಂದು ಸಂದಿಗೆ ಸಿಕ್ಕಿಸಿದರು. ಖಾಲಿ. "ಟೆಕ್ನೀಷಿಯನ್ ಅಳಿಸಿದ್ನಾ?" ಎಂದೆ. ಅವನು ಇದನ್ನು ಮುಟ್ಟಿರಲೇ ಇಲ್ಲ, ಇದು ಬೀಗದೊಳಗಿತ್ತು. ಹಾಗಾದರೆ ಹೇಗೆ? ಚಿಲಕದಣ್ಣನವರು ಗೋಡೆಯ ಗಡಿಯಾರವನ್ನೇ ನೋಡುತ್ತ ನಿಂತರು.

"ಆರಕ್ಕೆ ಬಚ್ಚಿಡ್ತಿದ್ದೆ" ಎಂದರು, ನನಗಲ್ಲ, ಗಡಿಯಾರಕ್ಕೆ. "ಏಳಕ್ಕೆ ಅದು ಪ್ರತಿ ಮಾಡೋಕೆ ಹುಡುಕ್ತಿತ್ತು."

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಏಳು ಗಂಟೆಗೆ ಕಂಪ್ಯೂಟರು ಪ್ರತಿ ಮಾಡಲು ಹೊರಟಾಗ ಅದಕ್ಕೆ ಡಿಸ್ಕೇ ಕಾಣುತ್ತಿರಲಿಲ್ಲ. ಎಲ್ಲರಿಂದ ಬಚ್ಚಿಟ್ಟವರು ಕಂಪ್ಯೂಟರಿನಿಂದಲೂ ಬಚ್ಚಿಟ್ಟಿದ್ದರು. ಅದು ಏನೂ ಸಿಗಲಿಲ್ಲವೆಂದು ಸುಮ್ಮನೆ ಮಲಗುತ್ತಿತ್ತು. ಆರು ವರ್ಷ ಪ್ರತಿ ಸಂಜೆ ಖಾಲಿ ಡಬ್ಬಿಯನ್ನು ಸಿಕ್ಕಿಸಿ, ಪ್ರತಿ ಬೆಳಗ್ಗೆ ಖಾಲಿ ಡಬ್ಬಿಯನ್ನೇ ಕರವಸ್ತ್ರದಲ್ಲಿ ಸುತ್ತಿ ಬೀಗ ಹಾಕಿದ್ದರು. ಬೀಗ ಜಗ್ಗಿ ನೋಡಲು ಮೂರು ಮಹಡಿ ಹತ್ತಿ ಬರುವ ಮನುಷ್ಯ ಡಬ್ಬಿಯನ್ನು ಒಂದು ಸಲವೂ ತೆರೆದು ನೋಡಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಬೇರೆ ಎಲ್ಲಾದರೂ ಆ ದನಿ ಇದೆಯೇ? ಕಾರ್ಡುಗಳು? ಗುರುವಾರ ನಾನೇ ಅಳಿಸಿದ್ದೆ, ನೂರ ನಲವತ್ತನ್ನೂ, ಹಾಡು ಗುನುಗುತ್ತ. ನನ್ನ ಕೈಬೆರಳುಗಳನ್ನು ನೋಡಿಕೊಂಡರೆ ನನಗೇ ಅಸಹ್ಯವಾಯಿತು. ಓದಕ್ಕನ ಫೋನು ಹಳೆಯ ಕಾಲದ್ದು, ಕರೆ ಬಂದರೆ ಎತ್ತುವುದು, ಇಡುವುದು, ಅಷ್ಟೇ. ಹತ್ತೊಂಬತ್ತು ವರ್ಷದ ದನಿ ಈಗ ಎಲ್ಲಾದರೂ ಇದ್ದರೆ ಆ ಕಾಣದ ಡಿಸ್ಕಿನಲ್ಲಿ ಮಾತ್ರ. ಅದು ಇದೆಯೋ ಹೋಗಿದೆಯೋ ಹೇಳುವವರಿಲ್ಲ.

ಅಷ್ಟರಲ್ಲಿ ಮೆಟ್ಟಿಲಲ್ಲಿ ಇಬ್ಬರ ಹೆಜ್ಜೆ ಸದ್ದು. ಮೊದಲು ಬಂದವರು ಆಪರೇಟರಮ್ಮ. ದೊಡ್ಡ ಆಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರ್, ಹುಟ್ಟಾ ಕಣ್ಣಿಲ್ಲ. ಸೋಮವಾರ ರಜೆ, ತಪ್ಪದೆ ಪುಸ್ತಕ ಬದಲಿಸಲು ಬರುತ್ತಾರೆ. ಹದಿನೈದು ವರ್ಷದಿಂದ ಓದಕ್ಕನ ದನಿಯೇ ಬೇಕು, ಬೇರೆಯವರು ಓದಿದರೆ ಊಟಕ್ಕೆ ಉಪ್ಪಿಲ್ಲದ ಹಾಗಿರುತ್ತದೆ ಎನ್ನುವವರು. ಅವರ ತೋಳು ಹಿಡಿದು ಜೊತೆಯಲ್ಲೇ ಹತ್ತಿ ಬಂದವರು ಓದಕ್ಕ. ಕುತ್ತಿಗೆಗೆ ತೆಳ್ಳನೆಯ ವಸ್ತ್ರ ಸುತ್ತಿಕೊಂಡಿದ್ದರು, ಕಂಕುಳಲ್ಲಿ ಸ್ಲೇಟು.

ನಾನಾಗಿದ್ದರೆ ಸುಳ್ಳು ಹೇಳುತ್ತಿದ್ದೆ. ಕರೆಂಟಿಲ್ಲ, ಮೆಷಿನ್ನು ಕೆಟ್ಟಿದೆ, ಬುಧವಾರ ಬನ್ನಿ ಅಂತ. ಚಿಲಕದಣ್ಣನವರಿಗೆ ಆಗಲಿಲ್ಲ. ಅಕ್ಕ ಕೈಯಿರುವ ಕುರ್ಚಿಯಲ್ಲಿ ಕೂತು ಅವರನ್ನು ನೋಡಿ ನಕ್ಕದ್ದೇ ತಡ, ಅವರ ಬಾಯಿಂದ ಬಿತ್ತು.

"ಅಕ್ಕಾ, ಎರಡು ಕಡೆ ಇಲ್ಲ."

ಓದಕ್ಕನ ನಗು ಹಾಗೇ ನಿಂತಿತು.

"ಬೀರುವಿನಲ್ಲಿ ಇರೋದು ಖಾಲಿ. ಮೊದಲಿಂದ್ಲೂ ಖಾಲೀನೇ. ನಿನ್ನ ಹತ್ರ ಆಸ್ಪತ್ರೇಲಿ ಹೇಳಿದಾಗಲೂ ಖಾಲಿ ಇತ್ತು. ನನಗೆ ಗೊತ್ತಿರಲಿಲ್ಲ ಅಕ್ಕಾ."

ಬಳಪ ಸ್ಲೇಟಿನ ಮೇಲೆ ಕಿರ್ರೆಂದಿತು. "ಇನ್ನೊಂದು ಕಡೆ?"

"ಕಾಣಿಸ್ತಾ ಇಲ್ಲ."

ಓದಕ್ಕ ಬಳಪ ಕೆಳಗಿಟ್ಟರು. ಬಾಯಿ ತೆರೆದರು. ಮರೆತು ತೆರೆದರೋ, ತಡೆಯಲಾಗದೆ ತೆರೆದರೋ. ಗಂಟಲ ವಸ್ತ್ರದ ಹಿಂದಿನಿಂದ ಗಾಳಿಯ ಸದ್ದು ಮಾತ್ರ ಬಂತು. ಅಂಥ ಸದ್ದನ್ನು ನಾನು ಇನ್ನೊಮ್ಮೆ ಕೇಳಲಾರೆ. ಚಿಲಕದಣ್ಣನವರು ನೆಲಕ್ಕೆ ಕುಸಿದು ಅಕ್ಕನ ಕಾಲ ಬಳಿ ಕೂತರು.

ಆಪರೇಟರಮ್ಮ ನಿಂತಲ್ಲೇ ಕೇಳಿದರು: "ಏನು ಕಾಣಿಸ್ತಾ ಇಲ್ಲ? ಯಾರಾದ್ರೂ ನನಗೂ ಹೇಳ್ರಪ್ಪ."

ಹೇಳಿದೆ. ಗೊಂಬೆ, ಐದನೆಯ ಸಾಲು, ಎಲ್ಲ. ಅವರು ಹುಬ್ಬು ಗಂಟಿಕ್ಕಿದರು.

"ಡಿಸ್ಕ್ ಮ್ಯಾನೇಜ್‌ಮೆಂಟ್ ತಾನೇ?"

"ಏನಂದ್ರಿ?"

"ಅದೇ ಅಣ್ಣ, ನೀವು ದಿನಾ ಬೆಳಗ್ಗೆ ತೆರೆಯೋದು. ನಮ್ಮಂಥವರಿಗೆ ಅಂತ ಈ ಕಂಪ್ಯೂಟರಿಗೆ ಓದಿ ಹೇಳೋ ಸಾಫ್ಟ್‌ವೇರ್ ಹಾಕಿದ್ದೀರಲ್ಲ. ನೀವು ಅದನ್ನ ತೆರೆದಾಗೆಲ್ಲ ಅದು ಹೆಸರು ಕೂಗುತ್ತೆ. ಸೋಮವಾರ ಬೆಂಚಿನ ಮೇಲೆ ಕೂತು ಎಷ್ಟು ಸಲ ಕೇಳಿದ್ದೀನಿ. ನೀವು ಕೇಳಿಲ್ವಾ?"

ಹತ್ತೊಂಬತ್ತು ವರ್ಷ ದನಿಗಳ ಮಧ್ಯೆ ಬದುಕಿದವರು ಅದೊಂದು ದನಿಯನ್ನು ಕೇಳಿಸಿಕೊಂಡಿರಲಿಲ್ಲ. ನಾನೂ ಕೇಳಿಸಿಕೊಂಡಿರಲಿಲ್ಲ. ಸಾಲು ಎಣಿಸುವವರಿಗೆ ಹೆಸರು ಬೇಡ. ಕಣ್ಣಿಲ್ಲದವರಿಗೆ ಸಾಲು ಎಲ್ಲಿದ್ದರೇನು, ಹೆಸರೊಂದೇ ಆಧಾರ.

"ಜಾಗ ಬದಲಾಗಿರುತ್ತೆ, ಸಾಮಾನು ಎಲ್ಲೂ ಹೋಗಿರಲ್ಲ. ನಮ್ಮ ಆಸ್ಪತ್ರೇಲೂ ಹೀಗೇ ಆಯ್ತು. ಕೀಬೋರ್ಡ್ ಕೊಡಿ ಇಲ್ಲಿ."

ಅವರು ಕುರ್ಚಿಯ ಬೆನ್ನು ತಡವಿ ಕೂತು, ಕೀಬೋರ್ಡಿನ ಕೆಳಸಾಲಿನಲ್ಲಿ ಕಿಟಕಿ ಗುರುತಿನ ಗುಂಡಿಯನ್ನೂ ಆರ್ ಅಕ್ಷರವನ್ನೂ ಒಟ್ಟಿಗೆ ಒತ್ತಿದರು. ಮೂಲೆಯಲ್ಲಿ ಒಂದು ಪುಟ್ಟ ಚೌಕ ಬಂತು. ಬಾಯಲ್ಲಿ ಹೇಳಿಕೊಳ್ಳುತ್ತ ಒತ್ತಿದರು: ಡಿ ಐ ಎಸ್ ಕೆ, ಎಂ ಜಿ ಎಂ ಟಿ, ಚುಕ್ಕಿ, ಎಂ ಎಸ್ ಸಿ. ಎಂಟರ್.

ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಪರದೆಯ ಮೇಲೆ ಹಳೆಯ ಬೂದು ಕಿಟಕಿಯೊಂದು ಬಿಚ್ಚಿಕೊಂಡಿತು, ಆರು ವರ್ಷ ನೋಡಿದ್ದೇ, ಒಂದು ಗೆರೆಯೂ ಬದಲಾಗದೆ. ಕೆಳಗೆ, ಡಬ್ಬಿಯದನ್ನು ಬಿಟ್ಟರೆ, ಎರಡು ಪಟ್ಟಿ. ಎರಡನೆಯದಕ್ಕೆ ಅಕ್ಷರವಿರಲಿಲ್ಲ, ಅಷ್ಟೇ.

"ಇದೆ!" ಎಂದು ನಾನು ಕಿರುಚಿದ್ದು ಕೆಳಗಿನ ಎರಡು ಮಹಡಿಗೂ ಕೇಳಿಸಿತಂತೆ.

ಚಿಲಕದಣ್ಣನವರು ಎದ್ದು ಇಲಿ ಹಿಡಿದರು. ನೀಲಿ ಪಟ್ಟಿಯ ಮೇಲೆ ಬಲಗುಂಡಿ ಒತ್ತಿ, "ನಾಲ್ಕನೆಯದು, ನಾಲ್ಕನೆಯದು" ಎಂದು ಎಣಿಸತೊಡಗಿದರು.

"ಎಣಿಸಬೇಡಿ" ಎಂದು ಆಪರೇಟರಮ್ಮ ಗದರಿದರು. "ಓದಿ. ಗಟ್ಟಿಯಾಗಿ ಓದಿ."

ಅವರು ಓದಿದರು. ನಾಲ್ಕನೆಯದು ಡ್ರೈವ್ ಅಕ್ಷರ ಬದಲಿಸು. ಅದರ ಕೆಳಗಿನ ಐದನೆಯದನ್ನು ಓದಲು ಹೋದವರು ಅಲ್ಲೇ ನಿಲ್ಲಿಸಿ ಪರದೆಯತ್ತ ಬೆರಳು ತೋರಿಸಿದರು. ನಾನು ಬಗ್ಗಿ ನೋಡಿದೆ. ಫಾರ್ಮ್ಯಾಟ್. ಆರು ವರ್ಷ, ದಿನಕ್ಕೆ ಎರಡು ಸಲ, ಈ ಮನುಷ್ಯ ಕಣ್ಣು ಮುಚ್ಚಿಕೊಂಡು ಬಾವಿಕಟ್ಟೆಯ ಮೇಲೆ ಓಡಾಡಿದ್ದರು.

ಅಕ್ಷರ ಹಚ್ಚಿದರು. ಡಿಸ್ಕು ತೆರೆಯಿತು. ಅದರಲ್ಲಿ ಓದಕ್ಕನ ಮುನ್ನೂರ ಹನ್ನೆರಡು ಫೋಲ್ಡರು, ಸಾಲುಸಾಲಾಗಿ. ಚಿಲಕದಣ್ಣನವರು ಕೈಗೆ ಸಿಕ್ಕ ಒಂದನ್ನು ಒತ್ತಿದರು, ಯಾವುದೋ ತರಗತಿಯ ವಿಜ್ಞಾನದ ಪಾಠ.

"ಬೀಜ ಮೊಳಕೆಯೊಡೆಯಲು ಮೂರು ಸಂಗತಿಗಳು ಬೇಕು. ನೀರು, ಗಾಳಿ, ಹದವಾದ ಬಿಸಿ."

ಅದೇ ದನಿ. ನಾಲ್ಕು ತಿಂಗಳ ಮೇಲೆ. ಆಪರೇಟರಮ್ಮ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಚಿಲಕದಣ್ಣನವರು ಅಳುತ್ತಲೋ ನಗುತ್ತಲೋ ಅಕ್ಕನ ಕಡೆ ತಿರುಗಿದರು.

ಓದಕ್ಕ ಅಳುತ್ತಿರಲಿಲ್ಲ. ತಲೆ ಒಂದು ಕಡೆ ವಾಲಿಸಿ, ತರಗತಿಯಲ್ಲಿ ಮಗು ತಪ್ಪು ಲೆಕ್ಕ ಹೇಳಿದಾಗ ನೋಡುವ ಹಾಗೆ ಸ್ಪೀಕರನ್ನೇ ನೋಡುತ್ತಿದ್ದರು. ಸ್ಲೇಟು ತೆಗೆದು ಬರೆದರು.

"ಇದು ಯಾರು?"

ತಮಾಷೆಯೆಂದುಕೊಂಡು ನಾವು ನಕ್ಕೆವು. ಅವರು ಆ ಎರಡು ಪದದ ಕೆಳಗೆ ಗೆರೆ ಎಳೆದರು.

"ಅಕ್ಕಾ, ನೀನೇ!"

ಅವರು ಇಲ್ಲವೆಂದು ತಲೆಯಾಡಿಸಿದರು. ಒರೆಸಿ ಬರೆದರು: "ನನ್ನ ದನಿ ಇಷ್ಟು ಸಣ್ಣ ಅಲ್ಲ. ದಪ್ಪ ಇತ್ತು. ಇದು ಬೇರೆಯವರದ್ದು. ನನ್ನದು ಹಾಕು."

ಚಿಲಕದಣ್ಣನವರು ಇನ್ನೊಂದು ಪುಸ್ತಕ ಹಾಕಿದರು. ಅಕ್ಕ ಕೈಯಾಡಿಸಿ ಬೇಡವೆಂದರು. ಇನ್ನೊಂದು, ಮತ್ತೊಂದು. ಹತ್ತು ವರ್ಷ ಹಿಂದಿನದು, ಕಳೆದ ವರ್ಷದ್ದು. ಪ್ರತಿ ಸಲವೂ ಓದಕ್ಕ ಆಸೆಯಿಂದ ಮುಂದೆ ಬಾಗುವುದು, ಎರಡು ಸಾಲು ಕೇಳಿ ಹಿಂದಕ್ಕೆ ಒರಗುವುದು. ನನಗೆ ದಿಗಿಲಾಯಿತು, ಆಪರೇಷನ್ನು ಕಿವಿಗೂ ಏನಾದರೂ ಮಾಡಿತೇ? ಆಗ ಹೊಳೆಯಿತು, ಈ ಹತ್ತೊಂಬತ್ತು ವರ್ಷದಲ್ಲಿ ಅವರು ತಾವು ಓದಿದ್ದನ್ನು ಒಂದು ದಿನವೂ ಕೂತು ಕೇಳಿದವರಲ್ಲ. ಓದುವುದು, ನೀರು ಕುಡಿಯುವುದು, ಬಸ್ಸಿಗೆ ಹೋಗುವುದು. ಸರಿಯಾಗಿದೆಯೇ ಎಂದು ಕೇಳಿ ನೋಡುವುದೆಲ್ಲ ತಮ್ಮನ ಕೆಲಸವಾಗಿತ್ತು.

ನಾನು ಸ್ಲೇಟಿನಲ್ಲಿದ್ದುದನ್ನು ಆಪರೇಟರಮ್ಮನಿಗೆ ಓದಿ ಹೇಳಿದೆ. ಅವರು ಕೈ ಚಾಚಿ ಓದಕ್ಕನ ಮೊಣಕಾಲು ಹುಡುಕಿ ಅದರ ಮೇಲಿಟ್ಟರು.

"ನನಗೂ ಹಾಗೇ ಆಗಿತ್ತಕ್ಕಾ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಮಾತನ್ನ ನನಗೇ ರೆಕಾರ್ಡ್ ಮಾಡಿ ಕೇಳಿಸಿದ್ರು. ಇದು ಯಾರು ಅಂತ ನಾನೂ ಕೇಳಿದ್ದೆ. ಮಾತಾಡೋವಾಗ ನಮ್ಮ ದನಿ ನಮಗೆ ಮೂಳೆ ಒಳಗಿಂದ್ಲೂ ಕೇಳುತ್ತೆ, ಅದಕ್ಕೇ ದಪ್ಪ. ಹೊರಗಿನವರಿಗೆ ಕೇಳೋದು ಹೊರಗಿಂದು ಮಾತ್ರ. ನಿಮಗೆ ಗೊತ್ತಿದ್ದ ದನೀನ ನೀವೊಬ್ಬರೇ ಕೇಳಿರೋದು. ಅದನ್ನ ಯಾರೂ ಕೇಳಿಲ್ಲ ಅಕ್ಕಾ. ಅದು ಯಾವ ಡಿಸ್ಕಲ್ಲೂ ಇಲ್ಲ."

ಇದನ್ನು ಹೇಳಬಾರದಿತ್ತು ಎಂದು ನನಗೆ ಆಪರೇಟರಮ್ಮನ ಮೇಲೆ ಕೋಪ ಬಂತು. ಆದರೆ ಯಾರಾದರೂ ಹೇಳಲೇಬೇಕಿತ್ತು. ಚಿಲಕದಣ್ಣನವರು ಗೋಡೆಗೆ ಒರಗಿ ನಿಂತಿದ್ದರು, ಯಾರೋ ಕೆನ್ನೆಗೆ ಬಾರಿಸಿದ ಹಾಗೆ. ಅಕ್ಕ ಬಂದು ಕೇಳಬೇಕೆಂದಿದ್ದ ದನಿ ಇವರ ಕೈಗೆ ಯಾವತ್ತೂ ಬಂದೇ ಇರಲಿಲ್ಲ.

ಓದಕ್ಕ ಕುತ್ತಿಗೆಯ ವಸ್ತ್ರದ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ಕೂತರು. ಅವರ ಕಣ್ಣು ತುಂಬಿದ್ದು ಆಗ. ಆಮೇಲೆ ಸ್ಲೇಟನ್ನು ತೊಡೆಯ ಮೇಲಿಟ್ಟುಕೊಂಡು ಬರೆದು ನನ್ನ ಕಡೆ ತಿರುಗಿಸಿದರು. ನಾನು ಗಟ್ಟಿಯಾಗಿ ಓದಿದೆ.

"ಇಷ್ಟು ವರ್ಷ ನೀವೆಲ್ಲ ಕೇಳಿದ್ದು ಇವಳನ್ನೇ?"

"ಹೂಂ ಅಕ್ಕಾ" ಎಂದರು ಆಪರೇಟರಮ್ಮ. "ಇವರನ್ನೇ. ನಾನು ಓದಿ ಪಾ‌ಸಾಗಿದ್ದು, ಕೆಲಸ ಸಿಕ್ಕಿದ್ದು, ಎಲ್ಲ ಇವರಿಂದಲೇ."

ಸ್ಪೀಕರಿನಲ್ಲಿ ಆ ಹೆಂಗಸು ಇನ್ನೂ ಓದುತ್ತಲೇ ಇದ್ದಳು. ಓದಕ್ಕ ಈ ಸಲ ಎರಡು ಸಾಲಿಗೆ ಒರಗಲಿಲ್ಲ. ಒಂದು ಪುಟದಷ್ಟು ಕೇಳಿದರು. ಮತ್ತೆ ಬರೆದು, ಸ್ಲೇಟನ್ನು ತಮ್ಮನಿಗೆ ತೋರಿಸಿದರು.

"ಚೆನ್ನಾಗಿ ಓದ್ತಾಳೆ ಕಣೋ. ಇರಲಿ, ಮೊದಲಿಂದ ಹಾಕು. ಕೇಳ್ತೀನಿ."

ಚಿಲಕದಣ್ಣನವರು ಮೊದಲಿನಿಂದ ಹಾಕಿದರು. ಆಮೇಲೆ ಧ್ವನಿಕೋಣೆಯೊಳಗೆ ಹೋಗಿ ಬಾಗಿಲು ಎಳೆದುಕೊಂಡರು. ಗಾಜಿನ ಆಚೆ ಮೈಕಿನ ಮುಂದೆ ಕೂತು ಬಾಯಿ ಬಿಟ್ಟು ಅಳುತ್ತಿದ್ದರು, ನಮಗೆ ಏನೂ ಕೇಳಿಸಲಿಲ್ಲ.